ಕಪ್ಪು, ಗೋಧಿ ಮೈಬಣ್ಣದವರು ಸೆಕೆಯ ಊರಿನಲ್ಲಿ ಚರ್ಮದ ಸತ್ತ ಪದರವನ್ನು ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು?

ಮೊದಲು ಉತ್ತರವನ್ನೇ ಹೇಳಿಬಿಡುವುದು ಒಳ್ಳೆಯದು. ಸಾಧಾರಣ ಚರ್ಮದವರು ಮುಖಕ್ಕೆ ವಾರಕ್ಕೊಮ್ಮೆ ಮಾಡಿದರೆ ಸಾಕು. ಎಣ್ಣೆ ಜಿನುಗುವ, ಮೊಡವೆ ಏಳುವ ಚರ್ಮದವರು ವಾರಕ್ಕೆ ಹೆಚ್ಚೆಂದರೆ ಎರಡು ಸಲ ಮಾಡಬಹುದು. ಒಣ ಚರ್ಮ ಅಥವಾ ಬೇಗ ಉರಿಯುವ ಚರ್ಮದವರಿಗೆ ಹತ್ತರಿಂದ ಹದಿನೈದು ದಿನಕ್ಕೊಮ್ಮೆ ಸರಿ. ಮುಖದಲ್ಲಿ ಬಂಗು ಇರುವವರು ಚರ್ಮವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕದಿರುವುದೇ ಕ್ಷೇಮ. ಹೊಸದಾಗಿ ಆರಂಭಿಸುವವರು, ಚರ್ಮ ಯಾವ ಬಗೆಯದೇ ಇರಲಿ, ಮೊದಲ ತಿಂಗಳು ಹತ್ತು ದಿನಕ್ಕೊಮ್ಮೆ ಮಾತ್ರ ಮಾಡಿ ನೋಡಬೇಕು. ಅಂಗಡಿಯ ಡಬ್ಬಿಯ ಮೇಲೆ ‘ದಿನನಿತ್ಯ ಬಳಸಬಹುದು’ ಎಂದು ಬರೆದಿದ್ದರೂ ಈ ಲೆಕ್ಕವನ್ನು ಬದಲಿಸಬೇಕಾಗಿಲ್ಲ.

ಇಷ್ಟು ಜಿಪುಣತನವೇಕೆ ಎಂಬ ಪ್ರಶ್ನೆ ಸಹಜ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅನ್ನು ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯ ಚರ್ಮದಲ್ಲೂ ಕಪ್ಪು ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಅವು ತಯಾರಿಸುವ ಬಣ್ಣದ ಪ್ರಮಾಣ, ಬಣ್ಣದ ಕಣಗಳ ಗಾತ್ರ, ಮತ್ತು ಆ ಕಣಗಳು ಮೇಲಿನ ಪದರಗಳಲ್ಲಿ ಹರಡಿಕೊಳ್ಳುವ ರೀತಿ. ನಮ್ಮ ಚರ್ಮದಲ್ಲಿ ಈ ಕೋಶಗಳು ಉರಿಯೂತಕ್ಕೆ ಬಹಳ ಬೇಗ ಸ್ಪಂದಿಸುತ್ತವೆ. ಮೊಡವೆಯಾಗಲಿ, ಸುಟ್ಟಗಾಯವಾಗಲಿ, ಸೊಳ್ಳೆ ಕಡಿತವಾಗಲಿ, ಒರಟು ಸ್ಕ್ರಬ್‌ನಿಂದಾದ ತರಚಾಗಲಿ, ಚರ್ಮ ಕೊಡುವ ಉತ್ತರ ಒಂದೇ: ಇನ್ನಷ್ಟು ಮೆಲನಿನ್. ಹೀಗೆ ಉಳಿಯುವ ಕಪ್ಪು ಕಲೆ ಚರ್ಮದ ಮೇಲಿನ ಪದರದಲ್ಲೇ ಇದ್ದರೆ ತಿಳಿಯಾಗಲು ಸಾಮಾನ್ಯವಾಗಿ 6ರಿಂದ 12 ತಿಂಗಳು ಹಿಡಿಯುತ್ತದೆ. ಒಳಪದರಕ್ಕೆ ಇಳಿದರೆ ಅದು ಬೂದು ಬೆರೆತ ನೀಲಿಯಾಗಿ ಕಾಣುತ್ತ ವರ್ಷಗಟ್ಟಲೆ ನಿಲ್ಲುತ್ತದೆ. ಅಂದರೆ ಐದು ನಿಮಿಷದ ಅತಿಯುತ್ಸಾಹದ ಉಜ್ಜುವಿಕೆಯ ಗುರುತನ್ನು ಅಳಿಸಲು ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಕಾಯಬೇಕಾಗಬಹುದು.

ಇನ್ನೊಂದು ತೊಡಕೂ ಇದೆ. ಬಿಳಿಯ ಚರ್ಮ ನೊಂದಾಗ ಕೆಂಪಾಗುತ್ತದೆ ಮತ್ತು ಆ ಕೆಂಪು ಕಣ್ಣಿಗೆ ಬಿದ್ದೊಡನೆ ಜನ ಕೈ ತಡೆಯುತ್ತಾರೆ. ನಮ್ಮ ಚರ್ಮದಲ್ಲಿ ಆ ಕೆಂಪು ಕಾಣುವುದೇ ಕಡಿಮೆ. ಕಂಡರೂ ಅದು ನೇರಳೆಯಾಗಿಯೋ ಕಡುಕಂದಾಗಿಯೋ ತೋರುತ್ತದೆ. ಆದ್ದರಿಂದ ‘ಕೆಂಪಾದರೆ ನಿಲ್ಲಿಸಿ’ ಎಂಬ ಡಬ್ಬಿಯ ಸೂಚನೆ ನಮಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಚರ್ಮವೈದ್ಯಶಾಸ್ತ್ರದಲ್ಲೇ ಇಂಥ ಅಂತರಕ್ಕೆ ಇತಿಹಾಸವಿದೆ. ಬಿಸಿಲಿಗೆ ಚರ್ಮ ಸ್ಪಂದಿಸುವ ಬಗೆಯನ್ನು ಆಧರಿಸಿ ಅಮೆರಿಕದ ವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ವರ್ಗೀಕರಣದಲ್ಲಿ ಮೊದಲಿಗೆ ಬಿಳಿಯ ಚರ್ಮದ 4 ಬಗೆಗಳಷ್ಟೇ ಇದ್ದವು. ಕಂದು ಮತ್ತು ಕಪ್ಪು ಚರ್ಮಕ್ಕೆ 5 ಮತ್ತು 6ನೆಯ ಬಗೆಗಳು ಸೇರಿದ್ದು ನಂತರ. ಭಾರತೀಯರಲ್ಲಿ ಹೆಚ್ಚಿನವರು 4ರಿಂದ 6ರ ನಡುವೆ ಬರುತ್ತಾರೆ.

ಇನ್ನು ಚರ್ಮದ ಸ್ವಂತ ಲೆಕ್ಕಾಚಾರ. ಕೆಳಪದರದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರುವುದಕ್ಕೆ ಯೌವನದಲ್ಲಿ ಸುಮಾರು 28 ದಿನ ಬೇಕು, ವಯಸ್ಸಾದಂತೆ ಇದು 40 ದಿನವನ್ನೂ ದಾಟುತ್ತದೆ. ಈ ಕೆಲಸ ನಮ್ಮ ನೆರವಿಲ್ಲದೆಯೂ ನಡೆಯುತ್ತಲೇ ಇರುತ್ತದೆ. ಎಕ್ಸ್‌ಫೋಲಿಯೇಶನ್ ಎಂದು ಕರೆಯುವುದು ಆ ಉದುರುವಿಕೆಗೆ ಕೊಡುವ ಸಣ್ಣ ಒತ್ತಾಸೆಯನ್ನು ಮಾತ್ರ. ಬೆವರು, ದೂಳು, ಸನ್‌ಸ್ಕ್ರೀನ್ ಎಲ್ಲ ಸೇರಿ ರಂಧ್ರ ಕಟ್ಟಿಕೊಂಡವರಿಗೆ, ಮುಖ ಮಂಕಾಗಿ ಕಾಣುವವರಿಗೆ, ಮೊಡವೆಯ ಕಲೆ ಉಳಿದವರಿಗೆ ಇದರಿಂದ ಪ್ರಯೋಜನವಿದೆ. ನುಣುಪಾಗಿ, ತೊಂದರೆಯಿಲ್ಲದೆ ಇರುವ ಚರ್ಮಕ್ಕೆ ಇದು ಬೇಕೇಬೇಕು ಎಂದೇನೂ ಇಲ್ಲ.

ಊರು ಮತ್ತು ಕಾಲ ನೋಡಿ ಲೆಕ್ಕ

ಸೆಕೆ ಎಂದರೆ ಎಲ್ಲ ಕಡೆ ಒಂದೇ ಸೆಕೆಯಲ್ಲ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಬೆವರು ಆರುವುದೇ ಇಲ್ಲ. ಅಲ್ಲಿ ಎಣ್ಣೆ ಚರ್ಮದವರಿಗೆ ರಂಧ್ರ ಕಟ್ಟಿಕೊಳ್ಳುವ ತೊಂದರೆ ಹೆಚ್ಚು. ವಾರಕ್ಕೆ ಎರಡು ಸಲ ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್ ಬಳಸುವುದು ಸಲ್ಲುತ್ತದೆ. ಆದರೆ ಅದೇ ಊರುಗಳಲ್ಲಿ ಬೆವರುಸಾಲೆ ಏಳುವುದೂ ಹೆಚ್ಚು. ಬೆವರಿನ ನಾಳದ ಬಾಯಿ ಮುಚ್ಚಿಕೊಂಡು ಏಳುವ ಆ ಸಣ್ಣ ಗುಳ್ಳೆಗಳನ್ನು ‘ಉಜ್ಜಿದರೆ ಹೋಗುತ್ತದೆ’ ಎಂದು ನಾರಿನಿಂದ ತಿಕ್ಕಿದರೆ ಅವು ಕೆರಳುತ್ತವೆ, ಒಡೆದು ಕಲೆಯಾಗುತ್ತವೆ. ಬೆವರುಸಾಲೆ ಇರುವಷ್ಟು ದಿನ ಆ ಜಾಗಕ್ಕೆ ತಣ್ಣೀರು, ಸಡಿಲವಾದ ಹತ್ತಿಬಟ್ಟೆ ಮತ್ತು ಗಾಳಿ ಸಿಕ್ಕರೆ ಸಾಕು.

ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಿಗೆ ಬೇರೆ ಬಗೆಯದು. ತಾಪ 40 ಡಿಗ್ರಿ ದಾಟಿದ ಒಣ ಗಾಳಿಯಲ್ಲಿ ಚರ್ಮದ ನೀರಿನಂಶ ಬೇಗ ಹಾರಿಹೋಗುತ್ತದೆ, ಹೊರಪದರ ಮೊದಲೇ ಬಿರುಕು ಬಿಟ್ಟಿರುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ. ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ಇಡೀ ಹಗಲು ಬಿಸಿಲಿನಲ್ಲಿ ಇರುವವರು ಆ ಎರಡು ತಿಂಗಳು ಪೂರ್ತಿ ಬಿಟ್ಟರೂ ನಷ್ಟವಿಲ್ಲ.

ಬೆಂಗಳೂರಿನವರು ಮೋಸಹೋಗುವುದು ತಂಪುಗಾಳಿಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ಸಮಭಾಜಕ ವೃತ್ತಕ್ಕೆ ಹತ್ತಿರದ ಈ ಊರಿನಲ್ಲಿ ಸೆಕೆ ಕಡಿಮೆ ಎನಿಸಿದರೂ ಅತಿನೇರಳೆ ಕಿರಣ ಕಡಿಮೆಯಿಲ್ಲ. ಬೇಸಿಗೆಯ ನಡುಹಗಲಲ್ಲಿ ಅದರ ಸೂಚ್ಯಂಕ 11ನ್ನು, ಅಂದರೆ ‘ವಿಪರೀತ’ ಎಂಬ ಮಟ್ಟವನ್ನು, ಮುಟ್ಟುವುದು ಸಾಮಾನ್ಯ. ಜೊತೆಗೆ ಅನೇಕ ಬಡಾವಣೆಗಳ ಕೊಳವೆಬಾವಿಯ ಗಡಸು ನೀರು ಸೋಪಿನ ಅಂಶವನ್ನು ಮೈಮೇಲೇ ಬಿಟ್ಟು ಚರ್ಮವನ್ನು ಒಣಗಿಸುತ್ತದೆ. ಹಾಗೆ ಬಿಳಿಚಿಕೊಂಡ ಚರ್ಮವನ್ನು ಸತ್ತ ಪದರ ಎಂದು ತಪ್ಪು ತಿಳಿದು ತಿಕ್ಕುವವರು ಬಹಳ. ಅದಕ್ಕೆ ಬೇಕಾದದ್ದು ಮಾಯಿಶ್ಚರೈಸರ್. ದುಬೈ, ಕುವೈತ್‌ಗಳಲ್ಲಿ ಹೊರಗಿನ ಕಡುಬಿಸಿಲು, ಒಳಗಿನ ಎಸಿ ಎರಡರ ನಡುವೆ ಓಡಾಡುವ ಕರಾವಳಿಯ ನಮ್ಮವರಿಗೂ ಮಂಗಳೂರಿನ ಲೆಕ್ಕ ಹೊಂದುವುದಿಲ್ಲ, ಕಲಬುರಗಿಯ ಲೆಕ್ಕ ಹೊಂದುತ್ತದೆ.

ಮಳೆಗಾಲದಲ್ಲಿ ಹುಳುಕಡ್ಡಿ, ಚಿಬ್ಬು ಮುಂತಾದ ಶಿಲೀಂಧ್ರದ ಸೋಂಕುಗಳು ಹೆಚ್ಚಾಗುತ್ತವೆ. ಅವುಗಳ ಮೇಲಿನ ಹೊಟ್ಟನ್ನು ಉಜ್ಜಿ ತೆಗೆಯಲು ಹೋದರೆ ಸೋಂಕು ಕಡಿಮೆಯಾಗುವುದಿಲ್ಲ, ಅಕ್ಕಪಕ್ಕದ ಚರ್ಮಕ್ಕೆ ಹರಡಬಹುದು, ಅದೇ ನಾರನ್ನು ಬಳಸುವ ಮನೆಯವರಿಗೂ ಅಂಟಬಹುದು.

ಯಾವುದರಿಂದ ತೆಗೆಯಬೇಕು

ಉಜ್ಜಿ ತೆಗೆಯುವುದು, ಆಮ್ಲದಿಂದ ಸಡಿಲಿಸಿ ತೆಗೆಯುವುದು ಎಂದು ಎರಡು ದಾರಿಗಳಿವೆ. ಆಮ್ಲ ಎಂಬ ಪದಕ್ಕೆ ಹೆದರುವವರು ಹೆಚ್ಚು, ಸಕ್ಕರೆಹರಳಿಗೆ ಹೆದರುವವರು ಕಡಿಮೆ. ಆದರೆ ಮುಖದ ಮಟ್ಟಿಗೆ, ಕಡಿಮೆ ಪ್ರಮಾಣದ ಸೌಮ್ಯ ಆಮ್ಲವೇ ಒರಟು ಸ್ಕ್ರಬ್‌ಗಿಂತ ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ. ಆಮ್ಲದ ಪ್ರಮಾಣ ಡಬ್ಬಿಯ ಮೇಲೆ ಅಂಕಿಯಲ್ಲಿ ಇರುತ್ತದೆ. ಕೈಯ ಒತ್ತಡಕ್ಕೆ ಅಂಥ ಅಂಕಿ ಇಲ್ಲ.

ಆಮ್ಲಗಳಲ್ಲಿ ಗ್ಲೈಕಾಲಿಕ್‌ನ ಅಣು ಬಹಳ ಚಿಕ್ಕದು. ಬೇಗ ಒಳಗಿಳಿಯುತ್ತದೆ, ಬೇಗ ಉರಿಸುತ್ತದೆ. ಲ್ಯಾಕ್ಟಿಕ್ ಆಮ್ಲದ ಅಣು ಅದಕ್ಕಿಂತ ದೊಡ್ಡದು. ಮ್ಯಾಂಡೆಲಿಕ್ ಆಮ್ಲದ ಅಣು ಗ್ಲೈಕಾಲಿಕ್‌ನ ಎರಡರಷ್ಟು ತೂಕದ್ದಾದ್ದರಿಂದ ನಿಧಾನವಾಗಿ ಇಳಿಯುತ್ತದೆ, ಕಪ್ಪು ಚರ್ಮವನ್ನು ಕೆರಳಿಸುವ ಸಂಭವ ಕಡಿಮೆ. ಆದ್ದರಿಂದ ಆರಂಭಿಸುವವರು 5 ಪ್ರತಿಶತದ ಲ್ಯಾಕ್ಟಿಕ್ ಅಥವಾ 5ರಿಂದ 10 ಪ್ರತಿಶತದ ಮ್ಯಾಂಡೆಲಿಕ್ ಆಯ್ದುಕೊಳ್ಳುವುದು ಜಾಣತನ. ಮೊಡವೆ, ಕಪ್ಪುಮೊನೆ (ಬ್ಲ್ಯಾಕ್‌ಹೆಡ್) ಇರುವವರಿಗೆ ಎಣ್ಣೆಯಲ್ಲಿ ಕರಗಿ ರಂಧ್ರದೊಳಗೆ ಇಳಿಯಬಲ್ಲ ಸ್ಯಾಲಿಸಿಲಿಕ್ ಆಮ್ಲ ಹೊಂದುತ್ತದೆ. ಅದರ ಪ್ರಮಾಣ 2 ಪ್ರತಿಶತ ಮೀರಬಾರದು. ಆಸ್ಪಿರಿನ್ ಒಗ್ಗದವರು, ಗರ್ಭಿಣಿಯರು ಮತ್ತು ಹಾಲುಣಿಸುವವರು ವೈದ್ಯರನ್ನು ಕೇಳಿಯೇ ಇದನ್ನು ಬಳಸಬೇಕು. ಯಾವುದನ್ನು ಹಚ್ಚಿದರೂ ಉರಿಯುವ ಚರ್ಮದವರಿಗೆ ಗ್ಲುಕೊನೊಲ್ಯಾಕ್ಟೋನ್‌ನಂತಹ ಇನ್ನೂ ಸೌಮ್ಯವಾದವು ದೊರೆಯುತ್ತವೆ.

ಮನೆಬಳಕೆಗೆ ಮಿತಿ ಏನು ಎಂಬುದಕ್ಕೆ ಒಂದು ಆಧಾರವಿದೆ. ಅಮೆರಿಕದಲ್ಲಿ ಸೌಂದರ್ಯ ಸಾಮಗ್ರಿಗಳ ಘಟಕಗಳನ್ನು ಪರಿಶೀಲಿಸುವ ತಜ್ಞರ ಸಮಿತಿಯ ಪ್ರಕಾರ ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲಗಳು 10 ಪ್ರತಿಶತದೊಳಗೆ ಇರಬೇಕು, ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಪ್ರಬಲ) 3.5ಕ್ಕಿಂತ ಕೆಳಗೆ ಇಳಿಯಬಾರದು, ಮತ್ತು ಬಿಸಿಲಿನಿಂದ ರಕ್ಷಣೆ ಜೊತೆಗಿರಬೇಕು. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುವ, ರಕ್ತಗೆಂಪು ಬಣ್ಣದ, 30 ಪ್ರತಿಶತದ ‘ಪೀಲಿಂಗ್’ (ಚರ್ಮದ ಪದರ ಕಳಚುವ) ದ್ರಾವಣಗಳು ಈ ಮಿತಿಗೆ ಮೂರು ಪಟ್ಟು. ಅಷ್ಟು ಪ್ರಬಲವಾದದ್ದನ್ನು ಬಳಸುವ ಜಾಗ ಕ್ಲಿನಿಕ್. ಕನ್ನಡಿಯ ಮುಂದೆ ಮೊಬೈಲ್‌ನಲ್ಲಿ ವಿಡಿಯೊ ನೋಡುತ್ತ ಹಚ್ಚಿಕೊಳ್ಳುವ ವಸ್ತು ಅದಲ್ಲ.

ಅಡುಗೆಮನೆಯ ಸಾಮಗ್ರಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಕಡಲೆಹಿಟ್ಟು, ಹೆಸರುಹಿಟ್ಟು ಒಳ್ಳೆಯವೇ, ಆದರೆ ಗಿರಣಿಯಿಂದ ಬಂದ ತರಿ ಹಿಟ್ಟನ್ನು ನೇರವಾಗಿ ಮುಖಕ್ಕೆ ಬಳಸದೆ ತೆಳುಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಮೊಸರಿನಲ್ಲಿ ಕಲಸಿದ ಹಿಟ್ಟು ಮುಖದ ಮೇಲೆ ಗಟ್ಟಿಯಾಗಿ ಒಣಗುವವರೆಗೆ ಬಿಟ್ಟು, ಆಮೇಲೆ ಬೆರಳಿನಿಂದ ಪುಡಿಪುಡಿಯಾಗಿ ಉದುರಿಸುವ ರೂಢಿ ಬಹಳ ಮನೆಗಳಲ್ಲಿದೆ. ಒಣಗಿದ ಹಿಟ್ಟು ಸಣ್ಣ ಕೂದಲನ್ನೂ ಚರ್ಮವನ್ನೂ ಎಳೆಯುತ್ತದೆ. ಹಣೆಯ ಅಂಚಿನಲ್ಲಿ, ಕೆನ್ನೆಯ ಮೂಳೆಯ ಮೇಲೆ ಚುರುಕು ಹತ್ತುವುದು ಇದರಿಂದಲೇ. ಹಿಟ್ಟು ಇನ್ನೂ ತೇವವಾಗಿರುವಾಗಲೇ ನೀರು ಚಿಮುಕಿಸಿ, ಬೆರಳತುದಿಯಿಂದ ಅರ್ಧ ನಿಮಿಷ ಆಡಿಸಿ ತೊಳೆದುಬಿಡಬೇಕು. ಮೊಸರಿನಲ್ಲೂ ಲ್ಯಾಕ್ಟಿಕ್ ಆಮ್ಲವಿರುವುದರಿಂದ ಇದನ್ನು ಮಾಡಿದ ವಾರದಲ್ಲಿ ಬೇರೆ ಸ್ಕ್ರಬ್ ಅಥವಾ ಆಮ್ಲ ಬೇಡ. ಆ ವಾರದ ಪಾಲು ಮುಗಿಯಿತು ಎಂದೇ ಲೆಕ್ಕ.

ನಿಂಬೆಹಣ್ಣನ್ನು ಮಾತ್ರ ಮುಖದಿಂದ ದೂರವಿಡಬೇಕು. ಅದರ ರಸದ ಪಿಎಚ್ ಸುಮಾರು 2, ಚರ್ಮದ್ದು 5ರ ಆಸುಪಾಸು. ಅದಕ್ಕಿಂತ ಕೆಟ್ಟದ್ದೆಂದರೆ ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತವೆ, ರಸ ಇಳಿದ ದಾರಿಯಲ್ಲೇ ಕಪ್ಪು ಗೆರೆ ಮೂಡಿಸುತ್ತವೆ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧವಾಗಿ ಕ್ಷಾರ. ಚರ್ಮದ ಸಹಜ ಆಮ್ಲೀಯತೆಯನ್ನೇ ಕೆಡಿಸುತ್ತದೆ. ಸಕ್ಕರೆ, ಕಾಫಿಪುಡಿ, ಅಕ್ರೋಟದ ಸಿಪ್ಪೆಯ ಪುಡಿ, ಇವು ಹಿಮ್ಮಡಿಗೆ ಸರಿ, ಮುಖಕ್ಕೆ ಸಲ್ಲ.

ಬಚ್ಚಲಿನ ನೈಲಾನ್ ನಾರು

ಮುಖದ ಬಗ್ಗೆ ಎಚ್ಚರ ವಹಿಸುವವರೂ ಮೈ ವಿಷಯದಲ್ಲಿ ಕೈ ಬಿಗಿಹಿಡಿಯುವುದಿಲ್ಲ. ಬಚ್ಚಲಿನ ಮೊಳೆಗೆ ತೂಗುಬಿಟ್ಟ ನೈಲಾನ್ ನಾರಿನಿಂದ ದಿನವೂ, ಕೆಲವರು ದಿನಕ್ಕೆರಡು ಸಲ, ಬೆನ್ನು ತೋಳು ತಿಕ್ಕುತ್ತಾರೆ. ವರ್ಷಗಟ್ಟಲೆ ನಡೆಯುವ ಈ ಘರ್ಷಣೆಯಿಂದಲೇ ಬರುವ ಕಪ್ಪು ಬಣ್ಣವೊಂದು ಚರ್ಮವೈದ್ಯರಿಗೆ ಚೆನ್ನಾಗಿ ಗೊತ್ತು. ಅದು ಬರುವುದು ಎಲುಬು ಚರ್ಮಕ್ಕೆ ಹತ್ತಿರವಾಗಿರುವ ಕಡೆ: ಕೊರಳೆಲುಬಿನ ಉದ್ದಕ್ಕೆ, ಹೆಗಲಿನ ಹಿಂದೆ, ಮೊಣಕಾಲಿನ ಕೆಳಗಿನ ಮುಂಗಾಲಿನ ಮೇಲೆ, ತೋಳಿನ ಹೊರಬದಿಯಲ್ಲಿ. ಬೆನ್ನಿನ ಮೇಲ್ಭಾಗದಲ್ಲಿ ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಗೆರೆಗಳಂತೆ ಸಾಲುಸಾಲಾಗಿ ಕಂದುಬಣ್ಣ ಕಂಡರೆ ಅದು ಅಮಿಲಾಯ್ಡ್ ಎಂಬ ಪದಾರ್ಥ ಚರ್ಮದಲ್ಲಿ ಶೇಖರವಾಗುವ ತೊಂದರೆ ಇರಬಹುದು. ಸತತ ಉಜ್ಜುವಿಕೆ, ತುರಿಸುವಿಕೆಗಳ ಜೊತೆ ಅದಕ್ಕೆ ನಂಟಿದೆ. ಇದನ್ನು ಕಂಡವರು ಮಾಡುವ ಮೊದಲ ಕೆಲಸವೆಂದರೆ ಕೊಳೆ ಇನ್ನೂ ಹೋಗಿಲ್ಲವೆಂದು ಮತ್ತಷ್ಟು ಗಟ್ಟಿಯಾಗಿ ತಿಕ್ಕುವುದು. ತಿಕ್ಕಿದಷ್ಟೂ ಕಪ್ಪು, ಕಪ್ಪಾದಷ್ಟೂ ತಿಕ್ಕು. ನಾರನ್ನು ಎಸೆಯುವುದೇ ಇಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ; ಬಣ್ಣ ತಿಳಿಯಾಗಲು ಆ ಬಳಿಕವೂ ತಿಂಗಳುಗಳೇ ಬೇಕು.

ದಿನನಿತ್ಯದ ಸ್ನಾನಕ್ಕೆ ಅಂಗೈ ಸಾಕು. ವಾರಕ್ಕೊಮ್ಮೆ ಬೇಕಾದರೆ ಹಳೆಯ ಹತ್ತಿಯ ಪಂಚೆಯ ತುಂಡನ್ನೋ ನೀರಿನಲ್ಲಿ ಚೆನ್ನಾಗಿ ನೆನೆದ ಹೀರೆಕಾಯಿ ನಾರನ್ನೋ ಹಗುರವಾಗಿ ಆಡಿಸಬಹುದು. ತೇವದಲ್ಲೇ ಬಿದ್ದಿರುವ ನಾರಿನಲ್ಲಿ ರೋಗಾಣುಗಳು ಬೆಳೆಯುವುದರಿಂದ ಅದನ್ನು ಬಚ್ಚಲಿನಿಂದ ಹೊರಗೆ ತಂದು ಬಿಸಿಲಿಗೆ ಒಣಹಾಕಬೇಕು, ತಿಂಗಳೊಳಗೆ ಬದಲಿಸಬೇಕು. ನಮ್ಮ ಹಿರಿಯರ ಎಣ್ಣೆಸ್ನಾನದ ಕ್ರಮದಲ್ಲಿ ಈ ವಿವೇಕ ಮೊದಲಿನಿಂದಲೂ ಇತ್ತು: ಮೊದಲು ಎಳ್ಳೆಣ್ಣೆ ಹಚ್ಚಿ ಚರ್ಮವನ್ನು ಮೆತ್ತಗಾಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸೀಗೆಪುಡಿ ಅಥವಾ ಹೆಸರುಹಿಟ್ಟಿನಿಂದ ಎಣ್ಣೆ ತೆಗೆಯುವುದು. ಎಣ್ಣೆ ಇರುವುದರಿಂದ ಪುಡಿಯ ಒರಟುತನ ಚರ್ಮಕ್ಕೆ ತಾಗುವುದಿಲ್ಲ. ವಾರಕ್ಕೊಮ್ಮೆ ಈ ಸ್ನಾನ ಮಾಡುವವರಿಗೆ ಮೈಗೆ ಬೇರೆ ಸ್ಕ್ರಬ್ ಏಕೆ ಬೇಕು ಎಂದು ನನಗಂತೂ ತಿಳಿಯದು. ಮುಖದಲ್ಲಿ ಮೊಡವೆ ಇರುವವರು ಎಣ್ಣೆಯನ್ನು ಕುತ್ತಿಗೆಯ ಕೆಳಗೆ ನಿಲ್ಲಿಸಿದರೆ ಒಳ್ಳೆಯದು.

ತೋಳಿನ ಹಿಂಬದಿಯಲ್ಲಿ, ತೊಡೆಯ ಮೇಲೆ ಕೈಗೆ ತರಿತರಿಯಾಗಿ ಸಿಗುವ ಸಣ್ಣ ಗಂಟುಗಳು ಉಜ್ಜುವುದರಿಂದ ಹೋಗುವುದಿಲ್ಲ. ಸ್ನಾನದ ಬಳಿಕ 10 ಪ್ರತಿಶತ ಯೂರಿಯಾ ಅಥವಾ ಲ್ಯಾಕ್ಟಿಕ್ ಆಮ್ಲವಿರುವ ಲೋಶನ್ ಹಚ್ಚುತ್ತ ಬಂದರೆ ನಿಧಾನವಾಗಿ ಮೆತ್ತಗಾಗುತ್ತವೆ.

ಮಾಡುವ ಕ್ರಮ

ಹೊಸ ವಸ್ತುವನ್ನು ಮೊದಲು ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ಕಾಯಬೇಕು. ಉರಿ, ತುರಿಕೆ, ಬಣ್ಣದ ಬದಲಾವಣೆ ಯಾವುದೂ ಇಲ್ಲವೆಂದಾದರೆ ಮುಂದುವರಿಯಬಹುದು.

ಇದನ್ನು ಮಾಡಬೇಕಾದ್ದು ರಾತ್ರಿ. ಬಿಸಿಲಿನಿಂದ ಬಂದ ಕೂಡಲೇ, ಜಿಮ್‌ನಿಂದ ಬಂದ ಕೂಡಲೇ, ಒಲೆಯ ಮುಂದೆ ಬೆವೆತು ಬಂದ ಕೂಡಲೇ ಮಾಡಬಾರದು, ಮೈ ತಣಿದಿರಬೇಕು. ಸೌಮ್ಯ ಫೇಸ್‌ವಾಶ್‌ನಿಂದ, ಉಗುರುಬೆಚ್ಚಗಿಂತಲೂ ಕಡಿಮೆ ಬಿಸಿಯ ನೀರಿನಲ್ಲಿ ಮುಖ ತೊಳೆದು, ಟವೆಲ್ಲಿನಿಂದ ಒತ್ತಿ ಒರೆಸಿ, ಚರ್ಮ ಪೂರ್ತಿ ಒಣಗುವವರೆಗೆ ಹತ್ತು ನಿಮಿಷ ಬಿಡಬೇಕು, ಏಕೆಂದರೆ ಒದ್ದೆ ಚರ್ಮದಲ್ಲಿ ಆಮ್ಲ ಹೆಚ್ಚು ಆಳಕ್ಕೆ ಇಳಿಯುತ್ತದೆ. ಕಣ್ಣಿನ ಸುತ್ತ, ಮೂಗಿನ ಮಡಿಕೆ, ತುಟಿಯ ಅಂಚುಗಳಿಗೆ ಸ್ವಲ್ಪ ವ್ಯಾಸಲೀನ್ ಸವರಿಕೊಂಡರೆ ಆ ಜಾಗಗಳು ಉಳಿದುಕೊಳ್ಳುತ್ತವೆ. ಮೊದಲ ಒಂದೆರಡು ಸಲ ಐದು ನಿಮಿಷ ಮಾತ್ರ ಇಟ್ಟು ತೊಳೆಯುವುದು ಒಳ್ಳೆಯದು. ಅದು ಒಗ್ಗಿದರೆ ಮಾತ್ರ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಇಡಬಹುದು. ಬಳಿಕ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ ಮಲಗುವುದಷ್ಟೆ. ಆ ರಾತ್ರಿ ವಿಟಮಿನ್ ಸಿ, ರೆಟಿನಾಲ್, ಬೆಂಜಾಯ್ಲ್ ಪೆರಾಕ್ಸೈಡ್ ಯಾವುದೂ ಬೇಡ. ಮೊಡವೆಗೆಂದು ವೈದ್ಯರು ಅಡಾಪಲೀನ್ ಅಥವಾ ಟ್ರೆಟಿನಾಯ್ನ್ ಬರೆದುಕೊಟ್ಟಿದ್ದರೆ ಅವೇ ಚರ್ಮದ ಪದರವನ್ನು ಬೇಗ ಬದಲಿಸುವ ಕೆಲಸ ಮಾಡುತ್ತಿರುತ್ತವೆ, ಆದ್ದರಿಂದ ಪ್ರತ್ಯೇಕ ಎಕ್ಸ್‌ಫೋಲಿಯೇಶನ್ ಬೇಕಾಗುವುದಿಲ್ಲ.

ಮರುದಿನ ಬೆಳಗ್ಗೆಯ ಸನ್‌ಸ್ಕ್ರೀನ್ ಈ ಕ್ರಮದ ಭಾಗವೇ ಆಗಿದೆ. ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲಗಳನ್ನು ಬಳಸುವಾಗ ಚರ್ಮ ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗುತ್ತದೆ, ನಿಲ್ಲಿಸಿದ ಬಳಿಕವೂ ಸುಮಾರು ಒಂದು ವಾರ ಹಾಗೇ ಇರುತ್ತದೆ. ಅಂದರೆ ವಾರಕ್ಕೊಮ್ಮೆ ಮಾಡುವವರು ಸದಾ ಆ ಸೂಕ್ಷ್ಮ ಅವಧಿಯಲ್ಲೇ ಇರುತ್ತಾರೆ. ಕಪ್ಪು ಚರ್ಮಕ್ಕೆ ಸಹಜ ರಕ್ಷಣೆ ಇರುವುದು ನಿಜ. ಆದರೆ ಅದು ನಮ್ಮನ್ನು ಕಾಪಾಡುವುದು ಸುಡುವುದರಿಂದ. ಕಲೆ ಗಾಢವಾಗುವುದನ್ನು ಅದು ತಡೆಯಲಾರದು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿಕೊಂಡು ಮುಖ ಮತ್ತು ಕುತ್ತಿಗೆಗೆ ಹಚ್ಚಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಣ್ಣಿಗೆ ಕಾಣುವ ಸಾಧಾರಣ ಬೆಳಕೂ ಕಂದು ಚರ್ಮದಲ್ಲಿ ಬಣ್ಣ ಹೆಚ್ಚಿಸಬಲ್ಲದಾದ್ದರಿಂದ ಬಂಗು ಅಥವಾ ಹಳೆಯ ಕಲೆ ಇರುವವರಿಗೆ ಐರನ್ ಆಕ್ಸೈಡ್ ಬೆರೆತ, ಸ್ವಲ್ಪ ಕಂದುಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಸನ್‌ಸ್ಕ್ರೀನ್ ಹಚ್ಚುವುದು ಆಗದ ಮಾತು ಎನ್ನುವವರು ಆಮ್ಲದ ಸಹವಾಸವನ್ನೇ ಬಿಡುವುದು ಲೇಸು.

ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್ ಮಾಡಿಸುವವರು ಅದಕ್ಕೆ ಮೊದಲು ಮೂರು ದಿನ, ಆದ ಮೇಲೆ ಮೂರು ದಿನ ಏನನ್ನೂ ಮಾಡಬಾರದು. ಪಾರ್ಲರುಗಳಲ್ಲಿ ಡಿ-ಟ್ಯಾನ್ ಎಂದು ಹಚ್ಚುವ ಪ್ಯಾಕುಗಳಲ್ಲಿ ಹಲವು ಬ್ಲೀಚ್ ಅಂಶವಿರುವಂಥವು. ಅದನ್ನೂ ಒಂದು ಸರದಿ ಎಂದೇ ಎಣಿಸಬೇಕು. ಪುರುಷರಿಗೆ ದಿನನಿತ್ಯದ ಕ್ಷೌರವೇ ಗಡ್ಡದ ಭಾಗಕ್ಕೆ ಆಗುವ ಉಜ್ಜುವಿಕೆ. ಅವರು ಕೆನ್ನೆ, ಗಲ್ಲಗಳನ್ನು ಬಿಟ್ಟು ಹಣೆ, ಮೂಗಿಗಷ್ಟೇ ಮಾಡಿದರೆ ಸಾಕು.

ಅತಿಯಾಯಿತೆಂದು ತಿಳಿಯುವುದು ಹೇಗೆ

ಕಣ್ಣಿಗೆ ಕಾಣುವ ಮೊದಲೇ ಚರ್ಮ ಸೂಚನೆ ಕೊಡುತ್ತದೆ. ನಿನ್ನೆಯವರೆಗೆ ತಣ್ಣಗಿದ್ದ ಮಾಯಿಶ್ಚರೈಸರ್ ಇಂದು ಚುರುಗುಟ್ಟುವುದು, ಬೆವರು ತಾಗಿದ ಕಡೆ ಉಪ್ಪು ಸವರಿದಂತೆ ಉರಿಯುವುದು, ಮುಖ ತೊಳೆದ ಮೇಲೆ ಬಿಗಿದು ಹಿಡಿಯುವುದು, ಎಣ್ಣೆಯಿಲ್ಲದೆಯೂ ಹಣೆ ಪ್ಲಾಸ್ಟಿಕ್‌ನಂತೆ ಮಿನುಗುವುದು, ಹಿಂದೆಂದೂ ಇಲ್ಲದ ಕಡೆ ಸಣ್ಣ ಗುಳ್ಳೆಗಳು ಏಳುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ಆ ಮಿನುಗನ್ನು ಕಾಂತಿ ಎಂದು ಮೆಚ್ಚಿಕೊಂಡು ಮುಂದುವರಿಸುವವರಿಗೆ ಕೆಲವು ವಾರಗಳಲ್ಲಿ ಕೆನ್ನೆಯ ಮೇಲೆ ಮಸುಕು ಕಪ್ಪು ಕಾಣಿಸಿಕೊಳ್ಳುತ್ತದೆ.

ಆಗ ಎಲ್ಲವನ್ನೂ ನಿಲ್ಲಿಸಬೇಕು. ಕನಿಷ್ಠ ಎರಡು ವಾರ, ಉರಿ ಹೆಚ್ಚಿದ್ದರೆ ನಾಲ್ಕು ವಾರ, ಸೌಮ್ಯ ಫೇಸ್‌ವಾಶ್, ಸೆರಮೈಡ್ (ಚರ್ಮದಲ್ಲಿ ಸಹಜವಾಗಿಯೇ ಇರುವ ಒಂದು ಬಗೆಯ ಕೊಬ್ಬು) ಇರುವ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಈ ಮೂರನ್ನು ಬಿಟ್ಟು ಮುಖಕ್ಕೆ ಏನೂ ತಾಗಬಾರದು. ಕಲೆ ಮೂಡಿತೆಂದು ಗಾಬರಿಯಿಂದ ಮೆಡಿಕಲ್ ಸ್ಟೋರಿನಲ್ಲಿ ‘ಕಲೆ ಹೋಗುವ ಕ್ರೀಮ್’ ಕೇಳಿ ತರುವುದು ಈ ಘಟ್ಟದಲ್ಲಿ ಆಗುವ ದೊಡ್ಡ ಅನಾಹುತ. ಹಾಗೆ ಕೊಡುವ ಕ್ರೀಮುಗಳಲ್ಲಿ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್‌ಗಳ ಜೊತೆ ಸ್ಟೀರಾಯ್ಡ್ ಬೆರೆತಿರುವುದುಂಟು. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಬರುತ್ತದೆ. ಭಾರತದ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿದ ಬಳಿಕ, 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ಚೀಟಿ ಕೇಳದ ಅಂಗಡಿಗಳು ಈಗಲೂ ಇವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಜ್ಜಿದರೆ ಹೋಗದ ಕಪ್ಪು

ಶಾಲೆಗೆ ಹೋಗುವ ಮಕ್ಕಳ ಕತ್ತಿನ ಹಿಂದಿನ ಕಪ್ಪನ್ನು ಕೊಳೆ ಎಂದುಕೊಂಡು ತಾಯಂದಿರು ವಾರವಾರವೂ ತಿಕ್ಕುತ್ತಾರೆ. ಮಖಮಲ್ಲಿನ ಹಾಗೆ ದಪ್ಪವಾಗಿ, ಮಡಿಕೆಮಡಿಕೆಯಾಗಿ ಕಪ್ಪಾಗಿರುವ ಕತ್ತು, ಕಂಕುಳು, ಬೆರಳಗಂಟುಗಳು ಹಲವೊಮ್ಮೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದರ ಗುರುತು. ತೂಕ ಹೆಚ್ಚಿರುವವರಲ್ಲಿ, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಲ್ಲಿ, ಪಿಸಿಒಎಸ್ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇರುವ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯ. ಅಲ್ಲಿ ಬೇಕಾದ್ದು ರಕ್ತಪರೀಕ್ಷೆ. ಎಷ್ಟು ತಿಕ್ಕಿದರೂ ಆ ಬಣ್ಣ ಹೋಗುವುದಿಲ್ಲ, ತಿಕ್ಕಿದ ಗಾಯ ಅದರ ಮೇಲೆ ಇನ್ನೊಂದು ಪದರ ಕಪ್ಪನ್ನು ಸೇರಿಸುತ್ತದೆ. ಕೆನ್ನೆಯ ಎರಡೂ ಬದಿಗೆ ಸಮನಾಗಿ ಹರಡುವ ಬಂಗಿಗೂ ಇದೇ ಮಾತು. ಅದರ ಹಿಂದೆ ಬಿಸಿಲು, ಹಾರ್ಮೋನು, ವಂಶಪಾರಂಪರ್ಯ ಇವೆ. ಒಲೆಯ ಶಾಖವೂ ಸೇರಬಹುದು.

ಮದುವೆ ಇಟ್ಟುಕೊಂಡವರಿಗೆ

ನಮ್ಮಲ್ಲಿ ಮುಹೂರ್ತಗಳು ಹೆಚ್ಚಾಗಿ ಬರುವುದು ವೈಶಾಖದ ಸುಡುಬಿಸಿಲಿನಲ್ಲೇ. ಮದುಮಗಳಾಗಲಿ ಮದುಮಗನಾಗಲಿ ಕಡೆಯ ಹದಿನೈದು ದಿನದಲ್ಲಿ ಹೊಸದೊಂದನ್ನು ಆರಂಭಿಸಬಾರದು. ಕ್ಲಿನಿಕ್‌ನಲ್ಲಿ ಪೀಲ್ ಮಾಡಿಸುವ ಆಲೋಚನೆಯಿದ್ದರೆ ಮೂರು ನಾಲ್ಕು ತಿಂಗಳು ಮೊದಲೇ ಚರ್ಮವೈದ್ಯರನ್ನು ಕಾಣಬೇಕು. ಅವರು ಮೊದಲ ಎರಡರಿಂದ ನಾಲ್ಕು ವಾರ ಚರ್ಮವನ್ನು ಅಣಿಗೊಳಿಸುವ ಕ್ರೀಮ್ ಕೊಟ್ಟು, ಬಳಿಕ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಹಲವು ಸರದಿ ಮಾಡುತ್ತಾರೆ. ಕಂದು ಚರ್ಮದಲ್ಲಿ ಈ ಪೂರ್ವಸಿದ್ಧತೆಯನ್ನು ಬಿಟ್ಟು ಮೊದಲ ಭೇಟಿಯಲ್ಲೇ ಪೀಲ್ ಹಚ್ಚಲು ಹೊರಡುವವರನ್ನು ನಂಬದಿರುವುದು ಮೇಲು. ಮನೆಯಲ್ಲಿ ಮಾಡಿಕೊಳ್ಳುವವರು ತಮಗೆ ಒಗ್ಗಿದ್ದನ್ನೇ ಮುಂದುವರಿಸಿ, ಕಡೆಯ ಸರದಿಯನ್ನು ಅರಿಶಿನ ಶಾಸ್ತ್ರಕ್ಕೆ ಒಂದು ವಾರ ಮೊದಲೇ ಮುಗಿಸಬೇಕು. ಆಮ್ಲ ತಾಗಿ ತೆಳುವಾದ ಚರ್ಮದ ಮೇಲೆ ಅರಿಶಿನ ಬಿದ್ದರೆ ಉರಿಯುತ್ತದೆ, ಹಳದಿಯೂ ಬೇಗ ಬಿಡುವುದಿಲ್ಲ. ಅರಿಶಿನ ಹಚ್ಚುವ ಬಂಧುಗಳ ಉತ್ಸಾಹಕ್ಕೆ ಯಾರೂ ಮಿತಿ ಹೇಳಲಾರರು. ಕೆನ್ನೆ ಗಲ್ಲಗಳಿಗೆ ಮೊದಲೇ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿಕೊಂಡು ಕುಳಿತರೆ ತೊಳೆಯುವಾಗ ಉಜ್ಜಬೇಕಾಗುವುದಿಲ್ಲ.